ಕೆರೆ ಹೂಳು: ಜೆಸಿಬಿ ಕರೆಯುವ ಮುಂಚಿನ ಕೆಲಸ, ಕರೆದ ಮೇಲಿನ ಕೆಲಸ

ಕಳೆದ ಬೇಸಿಗೆಯಲ್ಲಿ ನಮ್ಮ ಕೆರೆ ಅಂಗಳದಲ್ಲಿ, ನೀರು ಹೊರಬಿಡುವ ತೂಬಿನಿಂದ ಇಪ್ಪತ್ತು ಹೆಜ್ಜೆ ದೂರಕ್ಕೆ, ಎರಡಡಿ ಅಗಲದ ಒಂದು ಗುಂಡಿ ತೋಡಿದೆವು. ಮೇಲೆ ಒಂದು ಗೇಣು ಬಿರುಕು ಬಿಟ್ಟ ಒಣ ಜೇಡಿ. ಅದರ ಕೆಳಗೆ ತಣ್ಣನೆಯ ಕಪ್ಪು ಮಣ್ಣು, ಬೆರಳಿಗೆ ಬೆಣ್ಣೆ ಥರ ಮೆತ್ತಿಕೊಳ್ಳುತ್ತಿತ್ತು. ನಡುನಡುವೆ ದಾರದಷ್ಟು ತೆಳ್ಳಗೆ ಮರಳಿನ ಗೆರೆ. ಒಂದೊಂದು ಗೆರೆಯೂ ಒಂದೊಂದು ಜೋರು ಮಳೆ. ಎರಡೂವರೆ ಅಡಿಯಲ್ಲಿ ಒಂದು ಹಳೇ ಹಾಲಿನ ಕವರ್ ಸಿಕ್ಕಿತು. ಅದಕ್ಕಿಂತ ಕೆಳಗೆ ಪ್ಲಾಸ್ಟಿಕ್ಕಿನ ಚೂರೂ ಇರಲಿಲ್ಲ. ನಾಲ್ಕಡಿಗೆ ಹಾರೆ ಠಣ್ ಅಂತು. ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು. ಅದೇ ಹಳೆಯ ಕೆರೆ ತಳ.

ಅಂದರೆ ಅಲ್ಲಿ ಕೂತಿರುವ ಹೂಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲು ಕವರಿನಲ್ಲಿ ಬರೋಕೆ ಶುರುವಾದ ಮೇಲೆ ಬಿದ್ದದ್ದು. ಕೆರೆ ಮಾತ್ರ ನಮ್ಮ ಮುತ್ತಾತನಿಗೂ ಹಳೆಯದು. ಮುಂಚೆ ಹೂಳು ಬೀಳುತ್ತಿರಲಿಲ್ಲ ಅಂತಲ್ಲ. ಬೀಳುತ್ತಿತ್ತು, ಪ್ರತಿ ಬೇಸಿಗೆ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಗಾಡಿ ನಿಂತಿತು, ಸರ್ಕಾರಿ ಗೊಬ್ಬರದ ಮೂಟೆ ಬಂತು, ಬೋರ್‌ವೆಲ್ ಬಂತು, ಕೆರೆ ಕಡೆ ಹೋಗುವವರೇ ಇಲ್ಲವಾದರು. ಮಣ್ಣು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ.

ನಾನಿರುವುದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ. ಕೆರೆ ಸಂಘದಲ್ಲಿದ್ದುಕೊಂಡು ಎರಡು ಸಲ ಹೂಳೆತ್ತಿಸಿದ್ದೇನೆ. ಮೊದಲ ಸಲ ಕೆಡಿಸಿದೆವು, ಎರಡನೇ ಸಲ ಪರವಾಗಿಲ್ಲ. ಹೂಳೆತ್ತುವುದು ಅಂದರೆ ಜೆಸಿಬಿ ಅಂತ ಎಲ್ಲರ ಲೆಕ್ಕ. ನನ್ನ ಪ್ರಕಾರ ಜೆಸಿಬಿ ಐದನೆಯದೋ ಆರನೆಯದೋ ಕೆಲಸ. ಇಲ್ಲಿ ಬರೆದಿರುವುದು ತುಮಕೂರು, ಚಿಕ್ಕಬಳ್ಳಾಪುರದ ಕೆರೆಗಳಿಗೂ ಹೊಂದುತ್ತದೆ. ಮಣ್ಣು, ಮಳೆ ಎರಡೂ ಹೆಚ್ಚುಕಡಿಮೆ ಒಂದೇ.

ಕೆರೆ ಯಾರದು ಅಂತ ಮೊದಲು ಕೇಳಿ

ಇದು ಬೇಜಾರಿನ ಕೆಲಸ, ಬೇಗ ಮುಗಿಸಿ. ಕೆರೆ ನೀರು ಹಾಯುವ ಅಚ್ಚುಕಟ್ಟು 40 ಹೆಕ್ಟೇರಿಗಿಂತ, ಅಂದರೆ ಸುಮಾರು 100 ಎಕರೆಗಿಂತ ಜಾಸ್ತಿ ಇದ್ದರೆ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಕಡಿಮೆ ಇದ್ದರೆ ಪಂಚಾಯ್ತಿ ಕಡೆಯದು. ಗ್ರಾಮ ಪಂಚಾಯ್ತಿಯಲ್ಲಿ ಠರಾವು ಮಾಡಿಸಿ, ಇಲಾಖೆಯಿಂದ ಕಾಗದ ತೆಗೆದುಕೊಳ್ಳಿ. ಕೆರೆ ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಗಡಿ ಒತ್ತುವರಿ ಆಗಿದ್ದರೆ ಸರ್ವೆಗೆ ಅರ್ಜಿ ಕೊಡಿ, ಆದರೆ ಸರ್ವೆ ಮುಗಿಯಲಿ ಅಂತ ಹೂಳಿನ ಕೆಲಸ ನಿಲ್ಲಿಸಿ ಕೂರಬೇಡಿ. ಗಡಿಯಿಂದ ದೂರ, ನಡುವೆ ಕೆಲಸ ಮಾಡಿ. ಸರ್ಕಾರದ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೂಲಿ ಸಿಗುತ್ತದಾ ಅಂತಲೂ ವಿಚಾರಿಸಿ. ಕಾಲುವೆ, ಬದು, ಕಲ್ಲಿನ ತಡೆ ಇವಕ್ಕೆಲ್ಲ ಅದು ಒಳ್ಳೆಯ ದಾರಿ.

ಒಂದು ಎಚ್ಚರ. ರೈತರು ಗೋಡು, ಅಂದರೆ ಎತ್ತಿದ ಕೆರೆ ಮಣ್ಣು, ಹೊಲಕ್ಕೆ ಹೊಡೆದುಕೊಳ್ಳುವುದು ಬೇರೆ, ಇಟ್ಟಿಗೆ ಗೂಡಿಗೆ ಮಾರುವುದು ಬೇರೆ. ಜೇಡಿಮಣ್ಣು ಕೂಡ ಉಪಖನಿಜ. ಮಾರಾಟ ಅಂದ ತಕ್ಷಣ ಗಣಿ ಇಲಾಖೆಯ ಅನುಮತಿ, ರಾಜಧನ ಎಲ್ಲ ಬರುತ್ತದೆ. ಇದನ್ನು ಊರ ಸಭೆಯಲ್ಲೇ ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಿದರೆ ಜಗಳ.

ಅಳೆಯದೆ ಒಂದು ಬುಟ್ಟಿಯನ್ನೂ ಎತ್ತಬೇಡಿ

ನಮ್ಮಲ್ಲಿ ಎಂಜಿನಿಯರ್ ಬರುವ ಮುಂಚೆ ನಾವೇ ಅಳೆದೆವು. ಅದಕ್ಕೆ ಬೇಕಾದದ್ದು ಎರಡು ಕೆಲಸ.

ಒಂದು, ಹೂಳು ಎಷ್ಟು ದಪ್ಪ ಕೂತಿದೆ. ಕಟ್ಟಡದವರ ಹತ್ತು ಎಂಎಂ ಕಬ್ಬಿಣದ ಸರಳು ಎಂಟಡಿ ಉದ್ದದ್ದು ತೆಗೆದುಕೊಳ್ಳಿ. ಮಣ್ಣು ಇನ್ನೂ ಹಸಿ ಇರುವಾಗ, ನೀರು ಇಳಿದ ಹದಿನೈದು ದಿನದೊಳಗೆ, ಐವತ್ತು ಮೀಟರಿಗೊಂದು ಕಡೆ ಚುಚ್ಚಿ. ಹೂಳಿನಲ್ಲಿ ಸರಳು ಸುಮ್ನೆ ಇಳಿಯುತ್ತದೆ, ಗರಸು ಸಿಕ್ಕರೆ ನಿಲ್ಲುತ್ತದೆ. ಸಂಶಯ ಬಂದ ನಾಲ್ಕೈದು ಕಡೆ ಗುಂಡಿ ತೋಡಿ ಕಣ್ಣಾರೆ ನೋಡಿ. ಹಳೆಯ ತಳದಲ್ಲಿ ಬಣ್ಣ ಬದಲಾಗುತ್ತದೆ. ಕಪ್ಪು ಬೂದು ಹೋಗಿ ಕೆಂಪು, ಇಲ್ಲವೇ ಸುಣ್ಣಕಲ್ಲಿನ ಚೂರು ಕಾಣುತ್ತದೆ. ಹಳೆಯ ಕಲ್ಲಿನ ತೂಬು ಇದ್ದರೆ ಅದರ ಹೊಸ್ತಿಲು ಎಲ್ಲಿದೆ ಅಂತ ನೋಡಿ. ಕಟ್ಟಿದಾಗ ಕೆರೆ ತಳ ಎಲ್ಲಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಮ್ಮದರಲ್ಲಿ ಹೊಸ್ತಿಲು ಮೂರಡಿ ಕೆಳಗೆ ಹೂತಿತ್ತು.

ಎರಡನೆಯದು ಕೆರೆಯಲ್ಲಿ ಈಗ ಎಷ್ಟು ನೀರು ಹಿಡಿಯುತ್ತದೆ ಅನ್ನುವುದು. ಇದಕ್ಕೆ ಒಂದು ಸುಲಭದ ಉಪಾಯ ಇದೆ. ತೂಬಿನ ಕಲ್ಲುಕಂಬದ ಮೇಲೆ ಬಣ್ಣದಲ್ಲಿ ಅಡಿ ಗೆರೆ ಎಳೆಯಿರಿ. ಕೆರೆ ತುಂಬಿದಾಗಿನಿಂದ ನೀರು ಎರಡೆರಡು ಅಡಿ ಇಳಿದಾಗೆಲ್ಲ, ಮೊಬೈಲಿನಲ್ಲಿ ಜಾಗ ಅಳೆಯುವ ಆ್ಯಪ್ ಹಾಕಿಕೊಂಡು ನೀರಿನ ಅಂಚಿನಲ್ಲಿ ಒಂದು ಸುತ್ತು ನಡೆಯಿರಿ. ನೀರೇ ನಿಮಗೆ ಮಟ್ಟ ಹಿಡಿದು ಕೊಡುತ್ತದೆ. ಎಂಟಡಿ ಗೆರೆಯಲ್ಲಿ ನೀರಿದ್ದಾಗ 40 ಎಕರೆ, ಆರಡಿಗೆ ಇಳಿದಾಗ 30 ಎಕರೆ ಅಂದುಕೊಳ್ಳಿ. ಎರಡರ ಸರಾಸರಿ 35, ಅದನ್ನು ಎರಡಡಿಗೆ ಗುಣಿಸಿದರೆ 70 ಎಕರೆ-ಅಡಿ. ಒಂದು ಎಕರೆ-ಅಡಿ ಅಂದರೆ ಸುಮಾರು 12.3 ಲಕ್ಷ ಲೀಟರ್. ಹೀಗೆ ತಳದವರೆಗೆ ಕೂಡಿಸುತ್ತಾ ಹೋದರೆ ಕೆರೆಯ ಲೆಕ್ಕ ಬಂತು. ಇಲಾಖೆಯ ಹಳೆಯ ದಾಖಲೆಯಲ್ಲಿರುವ ಸಾಮರ್ಥ್ಯದ ಪಕ್ಕ ಇಟ್ಟು ನೋಡಿ. ವ್ಯತ್ಯಾಸವೇ ಹೂಳು. ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕು, ಅಷ್ಟೇ.

ಈಗ ಲೆಕ್ಕದ ಕಹಿ ಭಾಗ. ಒಂದು ಎಕರೆಯಲ್ಲಿ ಒಂದಡಿ ಮಣ್ಣು ತೆಗೆದರೆ 43,560 ಘನ ಅಡಿ. ಟ್ರ್ಯಾಕ್ಟರ್ ಟ್ರೇಲರಿಗೆ 100 ಘನ ಅಡಿ ಹಿಡಿಯಿತು ಅಂದುಕೊಂಡರೂ 435 ಲೋಡು. ಮಣ್ಣು ಅಗೆದ ಮೇಲೆ ಉಬ್ಬುತ್ತದೆ, ಅದಕ್ಕೆ ಕಾಲು ಭಾಗ ಸೇರಿಸಿ. ನಾವು ಮೊದಲು ಹಾಕಿಕೊಂಡ ಯೋಜನೆ 20 ಎಕರೆಯಲ್ಲಿ ಒಂದೂವರೆ ಅಡಿ. ಲೆಕ್ಕ ಹಾಕಿದರೆ 16,000 ಲೋಡು ದಾಟಿತು. ಮೂರು ತಿಂಗಳ ಬೇಸಿಗೆಯಲ್ಲಿ ದಿನಕ್ಕೆ 180 ಲೋಡು. ನಮ್ಮೂರಲ್ಲಿ ಇರುವುದು ಒಂಬತ್ತು ಟ್ರ್ಯಾಕ್ಟರು. ಅಲ್ಲಿಗೆ ಎಲ್ಲರೂ ಸುಮ್ಮನಾದರು, ಎಲ್ಲಿ ತೆಗೆದರೆ ಉಪಯೋಗ ಅಂತ ಯೋಚನೆ ಶುರುವಾಯಿತು. ಅಳತೆಯ ನಿಜವಾದ ಲಾಭ ಇದೇ.

ಮಣ್ಣು ಎಲ್ಲಿಂದ ಬರುತ್ತಿದೆ

ಜೋರು ಮಳೆ ಬಂದ ದಿನ ಮನೆಯಲ್ಲಿ ಕೂರಬೇಡಿ. ಛತ್ರಿ ತೆಗೆದುಕೊಂಡು ಕೆರೆಗೆ ನೀರು ತರುವ ರಾಜಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಒಂದೊಂದು ಹಳ್ಳ ಸೇರುವ ಕಡೆ ಒಂದೊಂದು ಖಾಲಿ ನೀರಿನ ಬಾಟಲಿಯಲ್ಲಿ ನೀರು ಹಿಡಿದು, ಹೆಸರು ಬರೆದು, ಮನೆಗೆ ತಂದು ಒಂದು ದಿನ ಅಲುಗಿಸದೆ ಇಡಿ. ಬೆಳಗ್ಗೆಗೆ ಯಾವ ಬಾಟಲಿಯಲ್ಲಿ ಎಷ್ಟು ಮಣ್ಣು ಕೂತಿದೆ ಅಂತ ಕಾಣುತ್ತದೆ. ನಾವು ಆರು ಬಾಟಲಿ ಇಟ್ಟೆವು. ಐದರಲ್ಲಿ ತಳದಲ್ಲಿ ತೆಳ್ಳಗೆ ಒಂದು ಪದರ. ಆರನೆಯದರಲ್ಲಿ ಎರಡು ಬೆರಳು. ಆ ಹಳ್ಳದ ಮೇಲೆ ಏನಿದೆ ಅಂತ ನೋಡಿದರೆ, ಹಳೇ ಫಿಲ್ಟರ್ ಮರಳಿನ ಗುಂಡಿಗಳು. ಮಣ್ಣು ತೊಳೆದು ಮರಳು ತೆಗೆದುಕೊಂಡು, ತೊಳೆದ ರಾಡಿ ಬಿಟ್ಟು ಹೋಗಿದ್ದರು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರೆ ಕಡೆ ಕಾರಣ ಬೇರೆ ಇರಬಹುದು. ಇಳಿಜಾರಿಗೆ ನೇರವಾಗಿ ಉತ್ತ ಹೊಲ, ಬದು ಒಡೆದ ಹೊಲ, ಹೊಸ ಲೇಔಟಿನ ಮಣ್ಣು ರಸ್ತೆ, ಕ್ರಷರ್ ಧೂಳು, ನೆಲದಲ್ಲಿ ಒಂದು ಹುಲ್ಲೂ ಇಲ್ಲದ ನೀಲಗಿರಿ ತೋಪು. ಕೆರೆ ಅಂಗಳದ ಒಳಗೇ ಉಳುಮೆ ಮಾಡುವವರೂ ಇದ್ದಾರೆ. ಆ ಮಣ್ಣು ಎಲ್ಲೂ ಹೋಗಬೇಕಿಲ್ಲ, ಅಲ್ಲೇ ಒಳಕ್ಕೆ ಜಾರುತ್ತದೆ.

ಹಳ್ಳದಲ್ಲಿ ಮಾಡಬೇಕಾದದ್ದು ಕಲ್ಲಿನ ತಡೆಗಳು. ಸಿಮೆಂಟು ಬೇಡ, ಸ್ಥಳದಲ್ಲಿ ಸಿಗುವ ಕಲ್ಲೇ ಸಾಕು. ಎತ್ತರ ಎರಡು, ಎರಡೂವರೆ ಅಡಿ ದಾಟಬಾರದು. ನಡುವೆ ಸ್ವಲ್ಪ ತಗ್ಗಿರಲಿ, ಇಲ್ಲದಿದ್ದರೆ ನೀರು ಪಕ್ಕದ ದಡ ಕೊರೆದುಕೊಂಡು ಹೋಗುತ್ತದೆ. ಎರಡು ತಡೆಗಳ ನಡುವೆ ಎಷ್ಟು ದೂರ ಅಂದರೆ, ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಇಳಿಜಾರು ಜಾಸ್ತಿ ಇದ್ದರೆ ತಡೆಗಳು ಹತ್ತಿರ ಹತ್ತಿರ. ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಲು ಮೇಸ್ತ್ರಿ ಸಾಕು. ದಡಕ್ಕೆ ಲಾವಂಚ, ಹೊಂಗೆ ಹಾಕಿ.

ಆಮೇಲೆ ಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಒಂದು ಹೂಳುಗುಂಡಿ. ನಮ್ಮದು 12 ಮೀಟರ್ ಉದ್ದ, 6 ಮೀಟರ್ ಅಗಲ, ಒಂದೂವರೆ ಮೀಟರ್ ಆಳ, ಕೆರೆ ಕಡೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ. ಓಡಿ ಬಂದ ನೀರು ಇಲ್ಲಿ ನಿಧಾನ ಆಗುತ್ತದೆ, ಮರಳು, ದಪ್ಪ ಮಣ್ಣು ಇಲ್ಲೇ ಕೂರುತ್ತದೆ. ಸಣ್ಣ ಜೇಡಿ ನಿಲ್ಲುವುದಿಲ್ಲ, ಅದು ಏರಿ, ಅಂದರೆ ಕೆರೆಯ ಮಣ್ಣಿನ ಕಟ್ಟೆ ತನಕ ಹೋಗಿಯೇ ಕೂರುವುದು. ಅದಕ್ಕೆ ಗುಂಡಿಯೊಂದೇ ಸಾಲದು, ಮೇಲಿನ ಹುಲ್ಲು, ಬದು ಬೇಕೇ ಬೇಕು. ಗುಂಡಿಗೆ ಟ್ರ್ಯಾಕ್ಟರ್ ಇಳಿಯುವ ದಾರಿ ಬಿಟ್ಟಿರಬೇಕು. ದಾರಿ ಬಿಡದೆ ಕಟ್ಟಿದ ಹೂಳುಗುಂಡಿಗಳು ಎರಡೇ ವರ್ಷಕ್ಕೆ ತುಂಬಿ, ಮೇಲೆ ಜಾಲಿ ಬೆಳೆದಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಾತು. ನಮ್ಮ ಕಡೆ ಕೆರೆಗಳು ಒಂಟಿ ಅಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನ ಕೆರೆಯ ಏರಿ ಒಡೆದಿದ್ದರೆ ಅದರ ಹೂಳೆಲ್ಲ ನಿಮ್ಮದೇ. ಆದ್ದರಿಂದ ಸಾಧ್ಯವಾದರೆ ಸರಪಳಿಯ ಮೇಲಿನ ಕೆರೆಯಿಂದ ಶುರು ಮಾಡಿ. ಪಕ್ಕದೂರಿನವರ ಕೆರೆಗೆ ನಾವು ಯಾಕೆ ದುಡ್ಡು ಹಾಕಬೇಕು ಅಂತ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಬಾಟಲಿ ತೋರಿಸಿ.

ಎಲ್ಲಿ ತೆಗೆಯಬೇಕು, ಎಲ್ಲಿ ಕೈ ಹಾಕಬಾರದು

ನಮ್ಮ ಮೊದಲ ಸಲದ ಕಥೆ ಇಲ್ಲಿ ಹೇಳಲೇಬೇಕು. ಗುತ್ತಿಗೆದಾರನಿಗೆ ಬಿಟ್ಟೆವು, ಪುಗಸಟ್ಟೆ ತೆಗೆದುಕೊಡುತ್ತೇನೆ ಅಂದ. ಪುಗಸಟ್ಟೆ ಯಾಕೆ ಅಂತ ನಾವು ಕೇಳಲಿಲ್ಲ. ಅವನಿಗೆ ಬೇಕಿದ್ದದ್ದು ಇಟ್ಟಿಗೆಗೆ ಆಗುವ ಒಳ್ಳೆಯ ಜೇಡಿ, ಅದಿರುವುದು ಏರಿ ಹತ್ತಿರ. ಅಲ್ಲೇ ಬಾವಿ ಥರ ಹದಿನೈದಡಿ ಅಗೆದ. ಗರಸು ದಾಟಿ ಮರಳಿನ ಪದರ ತೆರೆದುಕೊಂಡಿತು. ಆ ವರ್ಷ ಚಿತ್ತೆ ಮಳೆಗೆ ನೀರು ಬಂತು, ಹೋಯಿತು. ಏರಿ ಹಿಂದೆ ಜಿನುಗು ಶುರುವಾಗಿ ಎಲ್ಲರಿಗೂ ನಿದ್ದೆ ಇಲ್ಲ. ಗುಂಡಿಯ ದಡ ಕಡಿದಾಗಿದ್ದರಿಂದ ಒಂದು ಎಮ್ಮೆ ಇಳಿದದ್ದು ಹತ್ತಲಾಗದೆ ಸತ್ತಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, ಆಮೇಲೆ ನಾವು ನಿಯಮ ಬರೆದುಕೊಂಡೆವು.

ಏರಿಯ ಬುಡದಿಂದ 30 ಮೀಟರ್ ಒಳಗೆ ಯಂತ್ರ ಬರಬಾರದು. ಏರಿ ಎತ್ತರ ಇದ್ದರೆ ಇನ್ನೂ ದೂರ, ಎಂಜಿನಿಯರ್ ಹೇಳಿದಷ್ಟು. ತೂಬಿನ ಮುಂದಿನ ಹೂಳನ್ನು ಆಳುಗಳಿಂದಲೇ ತೆಗೆಸಬೇಕು, ಕಲ್ಲುಕಂಬಕ್ಕೆ ಜೆಸಿಬಿ ಬಕೆಟ್ ತಗುಲಿದರೆ ತೂಬಿನ ಕಥೆ ಮುಗಿಯಿತು. ಗರಸು ಕಂಡ ಕೂಡಲೇ ನಿಲ್ಲಿಸಬೇಕು. ತಳದಲ್ಲಿ ಅರ್ಧ ಅಡಿಯಷ್ಟು ಜೇಡಿ ಉಳಿಸಿದರೆ ಇನ್ನೂ ಒಳ್ಳೆಯದು. ಅಂತರ್ಜಲಕ್ಕೆ ಇಳಿಯಲಿ ಅಂತ ಪೂರ್ತಿ ಕೆರೆಯುವವರಿದ್ದಾರೆ. ಸ್ವಲ್ಪ ಇಳಿಯಲಿ ಸರಿ, ಒಂದು ತಿಂಗಳಲ್ಲಿ ಕೆರೆ ಒಣಗಿದರೆ ದನಕ್ಕೆ ಏನು ಕೊಡುವುದು? ಗುಂಡಿ ಗುಂಡಿಯಾಗಿ ಅಗೆಯದೆ, ತಟ್ಟೆ ಥರ ಪದರ ಪದರವಾಗಿ ಕೆರೆಯಬೇಕು. ಒಂದಡಿ ಇಳಿಯಲು ನಾಲ್ಕೈದು ಅಡಿ ಇಳಿಜಾರು ಇರಬೇಕು, ದನ ಆರಾಮಾಗಿ ಇಳಿದು ಹತ್ತುವ ಹಾಗೆ. ಕೆರೆಯ ಹಿಂಭಾಗದ ತೆಳು ನೀರಿನ ಜಾಗ ಸ್ವಲ್ಪ ಹಾಗೇ ಬಿಡಿ. ಹಕ್ಕಿಗಳು ಬರುವುದು ಅಲ್ಲಿಗೇ.

ಕಾಲ ಯಾವುದು? ಮಾಘ ಕಳೆದ ಮೇಲೆ ಶುರು, ಭರಣಿ ಮಳೆ ಹೊತ್ತಿಗೆ ಮುಗಿಯಬೇಕು. ಏಪ್ರಿಲ್ ಕೊನೆಯಲ್ಲಿ ಒಂದು ಅಡ್ಡಮಳೆ ಬಿದ್ದರೂ ಟ್ರ್ಯಾಕ್ಟರ್ ಒಳಗೆ ಇಳಿಯುವುದಿಲ್ಲ. ಸೀಮೆಜಾಲಿ ಇದ್ದರೆ ಒಂದು ತಿಂಗಳು ಮುಂಚೆ ಬೇರು ಸಮೇತ ತೆಗೆಸಿ. ಕಡಿದರೆ ಸಾಲದು, ಇಮ್ಮಡಿ ಚಿಗುರುತ್ತದೆ.

ಖರ್ಚು ನಾವು ಹಂಚಿಕೊಂಡದ್ದು ಹೀಗೆ. ಅಗೆಯುವ ಯಂತ್ರದ ಗಂಟೆ ಬಾಡಿಗೆ ಸಂಘದ್ದು, ಸಾಗಿಸುವ ಟ್ರ್ಯಾಕ್ಟರ್ ಖರ್ಚು ಗೋಡು ಬೇಕಾದ ರೈತನದ್ದು. ಲೋಡಿಗೊಂದು ಚೀಟಿ, ಏರಿ ಮೇಲೆ ಒಬ್ಬ ಹುಡುಗ ಚೀಟಿ ಹರಿದುಕೊಳ್ಳುತ್ತಾನೆ. ಸಂಜೆ ಚೀಟಿ ಎಣಿಸಿ ಯಂತ್ರದ ಗಂಟೆಯ ಜೊತೆ ತಾಳೆ ನೋಡುವುದು. ಮೊದಲ ವಾರದಲ್ಲೇ ಯಂತ್ರ ನಿಂತಿದ್ದ ಗಂಟೆಗಳಿಗೂ ಬಿಲ್ ಹಾಕಿದ್ದು ಸಿಕ್ಕಿಬಿತ್ತು.

ಗೋಡು ಹೊಲಕ್ಕೆ

ಹಳಬರು ಗೋಡು ಹೊಡೆದ ಹೊಲಕ್ಕೆ ಗೊಬ್ಬರ ಕೇಳುತ್ತಿರಲಿಲ್ಲ. ಗೋಡಿನ ದೊಡ್ಡ ಗುಣ ಅದರ ಜೇಡಿ, ಅದು ನೀರು ಹಿಡಿದಿಡುತ್ತದೆ. ನಮ್ಮ ಕೆಂಪು ಮರಳು ಮಿಶ್ರಿತ ಭೂಮಿಗೆ ಬೇಕಾದದ್ದು ಅದೇ. ನಿಮ್ಮದು ಈಗಾಗಲೇ ಜಿಗಟು ಭೂಮಿ ಆಗಿದ್ದರೆ ಹಾಕಬೇಡಿ, ಇನ್ನೂ ಕೆಡುತ್ತದೆ. ಗೊತ್ತಾಗದಿದ್ದರೆ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಹೊಲದ ಮಣ್ಣು, ಮುಕ್ಕಾಲು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ಕೂರುವುದು ಮರಳು. ಒಂದೆರಡು ಗಂಟೆಯಲ್ಲಿ ಕೂರುವುದು ಮೆಕ್ಕಲು. ಮಾರನೇ ದಿನದವರೆಗೂ ನೀರನ್ನು ಕದಡಿಯೇ ಇಡುವುದು ಜೇಡಿ. ಪದರ ನೋಡಿದರೆ ನಿಮಗೇ ತಿಳಿಯುತ್ತದೆ.

ಎಷ್ಟು ಹಾಕಬೇಕು? ಎಕರೆಗೆ ಒಂದು ಅಂಗುಲ ಹರಡಲು 36 ಲೋಡು ಬೇಕು. ಒಂದರಿಂದ ಎರಡು ಅಂಗುಲ ಸಾಕು. ರಾಗಿ ಹೊಲಕ್ಕೆ ಒಂದು, ಹಿಪ್ಪುನೇರಳೆಗೆ ಎರಡು ಅಂತ ನಮ್ಮಲ್ಲಿ ರೂಢಿ. ಗುಪ್ಪೆ ಹಾಕಿ ಬಿಡಬೇಡಿ, ಒಣಗಿದರೆ ಕಲ್ಲಿನ ಹೆಂಟೆ. ತಂದ ವಾರದಲ್ಲೇ ಹರಡಿ ಬಿಸಿಲಿಗೆ ಬಿಡಿ, ಮೊದಲ ಮಳೆಗೆ ಹೆಂಟೆ ತಾನಾಗಿ ಕರಗುತ್ತದೆ, ಆಗ ಉಳುಮೆ. ಹರಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಕೃಷಿ ವಿಜ್ಞಾನ ಕೇಂದ್ರ ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ಕೊನೇಹಳ್ಳಿಯಲ್ಲಿದೆ.

ನೀರು ಬತ್ತದ ಕೆರೆಗಳ ಹೊಸ ತಲೆನೋವು

2018ರಲ್ಲಿ ಬೆಂಗಳೂರಿನ ಕೊಳಚೆ ಶುದ್ಧೀಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಕೋಲಾರದ ಎಷ್ಟೋ ಕೆರೆಗಳು ಬೇಸಿಗೆಯಲ್ಲೂ ತುಂಬಿರುತ್ತವೆ. ಚಿಕ್ಕಬಳ್ಳಾಪುರದ ಕಡೆ ಅಂಥದ್ದೇ ಎಚ್.ಎನ್. ವ್ಯಾಲಿ ನೀರು. ಬೋರ್‌ವೆಲ್‌ಗೆ ಜೀವ ಬಂತು, ನಿಜ. ಆದರೆ ಒಣಗದ ಕೆರೆಯಲ್ಲಿ ಹೂಳೆತ್ತುವುದು ಹೇಗೆ? ಅಂಥ ಕೆರೆಯವರು ಇಲಾಖೆಗೆ ಮೊದಲೇ ಬರೆದು, ಒಂದು ಬೇಸಿಗೆ ತಮ್ಮ ಕೆರೆಗೆ ಬರುವ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಲು ಕೇಳಬೇಕು. ಆಗದಿದ್ದರೆ ಒಳಬರುವ ಬಾಯಲ್ಲಿ ಹೂಳುಗುಂಡಿಯನ್ನಾದರೂ ಗಟ್ಟಿ ಮಾಡಿಕೊಳ್ಳಿ. ಈ ಕೆರೆಗಳ ಗೋಡನ್ನು ಸಾರಜನಕ, ರಂಜಕಕ್ಕೆ ಮಾತ್ರ ಪರೀಕ್ಷೆ ಮಾಡಿಸಿದರೆ ಸಾಲದು. ಅದು ನಗರದ ಶುದ್ಧೀಕರಿಸಿದ ಕೊಳಚೆ ನೀರು, ಭಾರ ಲೋಹಗಳನ್ನೂ ನೋಡಿಸಿ. ಫಲಿತಾಂಶ ಬರುವ ತನಕ ಸೊಪ್ಪು, ತರಕಾರಿ ಹೊಲಕ್ಕೆ ಹಾಕಬೇಡಿ.

ದೊಡ್ಡ ಜಲಾಶಯದ ಲೆಕ್ಕವೇ ಬೇರೆ

ಮಾರ್ಕೋನಹಳ್ಳಿ, ತೀತಾ, ಜಕ್ಕಲಮಡಗು ಜಲಾಶಯಗಳನ್ನೂ ಹೀಗೇ ಕೆರೆದುಬಿಡಬಹುದಲ್ಲ ಅಂತ ಕೇಳುವವರಿದ್ದಾರೆ. ತುಂಗಭದ್ರಾ ನೋಡಿ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿತ್ತು, ಈಗ ಸುಮಾರು 105. ಹೋದದ್ದು 28 ಟಿಎಂಸಿ, ಅಂದರೆ ಸುಮಾರು 79 ಕೋಟಿ ಘನ ಮೀಟರ್ ಹೂಳು. ಹತ್ತು ಘನ ಮೀಟರಿನ ಟಿಪ್ಪರ್ ದಿನಕ್ಕೆ ಸಾವಿರ ಓಡಿಸಿದರೂ 200 ವರ್ಷಕ್ಕಿಂತ ಜಾಸ್ತಿ ಬೇಕು, ಅದೂ ಹೊಸ ಹೂಳು ಬರದಿದ್ದರೆ. ಅದಕ್ಕೇ ಅಲ್ಲಿ ಹೂಳೆತ್ತುವ ಬದಲು ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ನಡೆದದ್ದು.

ದೊಡ್ಡ ಕಡೆ ಮಾಡುವುದು ಮೂರು ಕೆಲಸ. ಮೇಲಿನ ಹಳ್ಳಗಳಲ್ಲೇ ಮಣ್ಣು ತಡೆಯುವುದು. ತಳದ ಗೇಟು ಇದ್ದರೆ ಹೊಸ ಪ್ರವಾಹದ ರಾಡಿ ನೀರು ಕೂರುವ ಮುಂಚೆ ಹೊರಕ್ಕೆ ಬಿಡುವುದು. ಕುಡಿಯುವ ನೀರಿನ ಪೈಪಿನ ಬಾಯಿ ಸುತ್ತ ಮಾತ್ರ ತೇಲುವ ಯಂತ್ರದಿಂದ ಹೂಳು ಎಳೆಯುವುದು. ಅಳತೆಗೆ ದೋಣಿಯಲ್ಲಿ ಕೂತು ಶಬ್ದದ ಅಲೆ ಕಳಿಸಿ ಆಳ ನೋಡುವ ಯಂತ್ರ ಬಳಸುತ್ತಾರೆ. ಎರಡನೆಯ ಕೆಲಸ ನಮ್ಮ ಮೂರು ಜಿಲ್ಲೆಯಲ್ಲಿ ಕಷ್ಟ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ರಾಡಿಯೋ ತಿಳಿಯೋ, ಬಂದ ನೀರನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಇಲ್ಲಿ ಉಳಿಯುವುದು ಮೇಲಿನ ಸಾವಿರಾರು ಸಣ್ಣ ಕೆರೆಗಳು. ಅವು ಹೂಳು ಹಿಡಿದಷ್ಟು ಕೆಳಗಿನ ಜಲಾಶಯಕ್ಕೆ ಕಡಿಮೆ. ಸಣ್ಣ ಕೆರೆಯಲ್ಲಿ ಟ್ರ್ಯಾಕ್ಟರಿಗೆ ಸಿಗುವ ಮಣ್ಣು ದೊಡ್ಡದರಲ್ಲಿ ಯಾರ ಕೈಗೂ ಸಿಗುವುದಿಲ್ಲ.

ವರ್ಷ ವರ್ಷ

ಹಿಂದೆ ಈ ಕೆಲಸಕ್ಕೆ ಜನ ಇದ್ದರು. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಗದ್ದೆ ಬಿಟ್ಟುಕೊಟ್ಟ ಬಿತ್ತುವಟ್ಟದ ಶಾಸನಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದರು. ನಮ್ಮೂರ ನೀರುಗಂಟಿ ತಾತ ತೂಬಿನ ಕಂಬದ ಮೇಲೆ ಉಳಿಯಿಂದ ಕೊರೆದಿದ್ದ ಎರಡು ಗೆರೆ ಈಗಲೂ ಇದೆ. ನಾವು ಬಣ್ಣದ ಅಡಿ ಗೆರೆ ಹಾಕಿದ್ದು ಅದರ ಪಕ್ಕದಲ್ಲೇ.

ಈಗ ಸಂಘದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಪ್ರತಿ ಮೇ ತಿಂಗಳು ಹೂಳುಗುಂಡಿ ಖಾಲಿ ಮಾಡಿಸಿ ಲೋಡು ಎಣಿಸಿ ಬರೆಯುತ್ತೇವೆ. ಮೊದಲ ವರ್ಷ 31. ಮೇಲೆ ಕಲ್ಲಿನ ತಡೆ ಮುಗಿದ ಮೇಲೆ 22. ಈ ವರ್ಷ ಗುಂಡಿ ತುಂಬಿ ಹೊರಗೆ ಹರಿದಿತ್ತು, 44 ಲೋಡು ಬಂತು. ಮಣ್ಣಿನ ಬಣ್ಣ ಬೇರೆ ಇತ್ತು, ಬೆಳ್ಳಗೆ ಪುಡಿಪುಡಿ. ಈ ಸಲ ಮತ್ತೆ ಬಾಟಲಿಗಳನ್ನು ತೊಳೆದು ಇಟ್ಟಿದ್ದೇವೆ. ಉತ್ತರೆ ಮಳೆಗೆ ಮೂರನೇ ಹಳ್ಳದ ಕಡೆಯಿಂದ ನಡೆಯಲು ಶುರು ಮಾಡುತ್ತೇವೆ. ಅಲ್ಲಿ ಹೊಸದಾಗಿ ಸೈಟುಗಳ ಕಲ್ಲು ನೆಟ್ಟಿದ್ದಾರೆ.